ಎಂಟು ಜಂತಿ, ಇಪ್ಪತ್ತೆರಡು ದಿನದ ಹೊಗೆ

ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯಲ್ಲಿ, ಅಕ್ಕಿ ಗಿರಣಿಗಳ ಸಾಲು ಮುಗಿಯುವಲ್ಲಿ, ಮಹಮ್ಮದಸಾಬರ ಹಳೆ ಕಟ್ಟಿಗೆ ಅಡ್ಡೆ ಇದೆ. ಆದಮ್ಮ ಅಲ್ಲಿ ಹದಿನೆಂಟು ವರ್ಷದಿಂದ ಮೊಳೆ ಕೀಳುತ್ತಾಳೆ. ಕೆಡವಿದ ಮಣ್ಣಿನ ಮಾಳಿಗೆ ಮನೆಗಳ ತೊಲೆ, ಸೂರು ಹೊರುವ ಜಂತಿ, ಕಂಬ, ಬಾಗಿಲ ಚೌಕಟ್ಟುಗಳು ಟ್ರ್ಯಾಕ್ಟರಿನಲ್ಲಿ ಬಂದು ಬೀಳುತ್ತವೆ. ಗಂಡಸರು ಇಳಿಸಿ, ಬೀಡಿ ಸೇದಿ, ಹೋಗುತ್ತಾರೆ. ಆಮೇಲೆ ಒಂದೊಂದನ್ನೂ ಮುಂದಕ್ಕೆ ಎಳೆದುಕೊಂಡು, ಇಕ್ಕಳ ಹಾಕಿ, ತುಕ್ಕು ಹಿಡಿದ ಮೊಳೆಗಳನ್ನು ಮುರಿಯದಂತೆ ಹೊರತೆಗೆದು, ಮಣ್ಣು ಕೆರೆದು, ಉದ್ದ ನೋಡಿ ಒಟ್ಟುವುದು ಆದಮ್ಮನ ಕೆಲಸ. ಮೊಳೆ ಒಳಗೇ ಮುರಿದು ಉಳಿದರೆ ಬಡಿಗನ ಗರಗಸದ ಹಲ್ಲು ಹೋಗುತ್ತದೆ, ಬಡಿಗ ಅಡ್ಡೆಗೆ ಬಂದು ಜಗಳ ತೆಗೆಯುತ್ತಾನೆ. ಹದಿನೆಂಟು ವರ್ಷದಲ್ಲಿ ಅಂಥ ಜಗಳ ಮೂರು ಸಲ ಆಗಿದೆ. ಮೂರೂ ಆದಮ್ಮನಿಗೆ ದಿನ, ವಾರ ಸಮೇತ ನೆನಪಿವೆ.

ಒಮ್ಮೆ ಪಡಿತರ ಚೀಟಿಯ ಅರ್ಜಿ ತುಂಬುವಾಗ ಮಗ ಹನುಮಂತು ತಾಯಿಯ ಉದ್ಯೋಗದ ಮುಂದೆ 'ಮನೆಗೆಲಸ' ಎಂದು ಬರೆದ. ಆದಮ್ಮ ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಕತ್ತಲಾದ ಮೇಲೆ ತಿರುಗಿ ಬರುವವಳು. ಮನೆಯ ಕೆಲಸವನ್ನೆಲ್ಲ ಮಾಡುವ ತನ್ನ ಹೆಂಡತಿ ಅಮರೇಶ್ವರಿಯ ಮುಂದೆ ಅವನು 'ಏನೂ ಇಲ್ಲ' ಎಂದು ಬರೆದ. ಇಬ್ಬರಿಗೂ ಓದಲು ಬರುತ್ತಿರಲಿಲ್ಲವಾದ್ದರಿಂದ ಇಬ್ಬರೂ ಹೇಳಿದಲ್ಲಿ ಸಹಿ ಹಾಕಿದರು. ಸಹಿಯಷ್ಟನ್ನು ಇಬ್ಬರೂ ಕಲಿತಿದ್ದರು.

ಹೀಗೆ ಯಾವ ಕಾಗದದಲ್ಲೂ ಇಲ್ಲದ ಕೆಲಸದಲ್ಲಿ ಆದಮ್ಮನಿಗೆ ಯಾರೂ ಕೇಳದ ಒಂದು ತಿಳಿವಳಿಕೆ ಬೆಳೆದಿತ್ತು. ಕೈಯಾಡಿಸಿದರೆ ಜಂತಿ ಮನೆಯ ಯಾವ ಭಾಗದಲ್ಲಿತ್ತೆಂದು ಹೇಳುತ್ತಿದ್ದಳು. ಅಡುಗೆ ಕೋಣೆಯದಾದರೆ ಮಸಿ ಜಿಡ್ಡಿನ ಹಾಗೆ ಅಂಟಿರುತ್ತದೆ, ನೀರಿಗೆ ಬಿಡುವುದಿಲ್ಲ. ಮೊಸರಿನ ಗಡಿಗೆಗೆ ನೆಲುವು ತೂಗಿಬಿಟ್ಟಿದ್ದರೆ ಹಗ್ಗ ತಿಂದ ಗೆರೆ ಇರುತ್ತದೆ. ತೊಟ್ಟಿಲು ಕಟ್ಟಿದ್ದರೆ ಒಂದು ಮೊಳದ ಅಂತರದಲ್ಲಿ ಎರಡು ಕೊಂಡಿಗಳ ತೂತು, ಸುತ್ತ ಸವೆದು ನುಣುಪಾದ ಕಟ್ಟಿಗೆ. ಸಾಲಗುಂದಕ್ಕೆ ಸೊಸೆಯಾಗಿ ಬಂದಾಗ ಆಕೆ ಊದಿದ ಒಲೆಯ ಮೇಲೂ ಇಂಥದೇ ಮಾಳಿಗೆ ಇತ್ತು. ಒಲೆಯ ಮುಂದೆ ಕೂತ ಹೆಂಗಸಿಗೆ ಹೊಗೆ ಹೋಗುವ ದಾರಿ ನೋಡುವುದು ಬಿಟ್ಟರೆ ನೋಡಲು ಬೇರೇನೂ ಇರುತ್ತಿರಲಿಲ್ಲ.

ಹೋದ ವರ್ಷ ಭತ್ತದ ಕೊಯ್ಲು ಮುಗಿದ ಹೊತ್ತಿಗೆ ಅಡ್ಡೆಗೆ ಅತೀಯಾ ಬಂದಳು. ಲಿಂಗಸುಗೂರಿನವಳು, ಎಂಜಿನಿಯರ್, ವಯಸ್ಸು ಮೂವತ್ತು ದಾಟಿರಲಿಲ್ಲ. ಮಸ್ಕಿಯ ಹತ್ತಿರ ಒಂದು ಸಂಸ್ಥೆಯವರು ಹುಡುಗಿಯರ ವಸತಿನಿಲಯ ಕಟ್ಟುತ್ತಿದ್ದರು. ಅದಕ್ಕೆ ಹಸಿರು ಕಟ್ಟಡ ಎಂಬ ಪ್ರಮಾಣಪತ್ರ ಬೇಕಾಗಿತ್ತು. ಆ ಪತ್ರಕ್ಕೆ ಬೇಕಾದ ದಾಖಲೆಗಳನ್ನು ಕೂಡಿಸುವ ಕೆಲಸ ಅತೀಯಾಳದು, ಅವಳು ಒಬ್ಬಳೇ ಹೊತ್ತ ಮೊದಲ ಕೆಲಸ. ಕಟ್ಟಡದಲ್ಲಿ ಇಂತಿಷ್ಟು ಪಾಲು ಮರುಬಳಕೆಯ ಸಾಮಾನು ಇರಬೇಕೆಂಬುದು ನಿಯಮ. ಹಾಗಾಗಿ ಪಡಸಾಲೆಯ ಮಾಳಿಗೆಗೆ ಎಂಟು ಅಡಿಯ ಅರವತ್ತನಾಲ್ಕು ಹಳೆ ಜಂತಿಗಳು ಬೇಕೆಂದಳು.

ಮಹಮ್ಮದಸಾಬರು ಗೋಡೆಗೆ ಒಟ್ಟಿದ್ದ ಬೇವಿನ ಜಂತಿಗಳನ್ನು ಮೊದಲು ತೋರಿಸಿದರು. ಮುಕ್ಕುಂದದ ರೈತನೊಬ್ಬ ದನದ ಕೊಟ್ಟಿಗೆಗೆಂದು ಹೊಲದ ಬದುವಿನ ಬೇವು ಕಡಿಸಿ, ಕೊಯ್ಸಿ, ಆಮೇಲೆ ತಗಡು ಹೊದಿಸಿಕೊಂಡು ಕಟ್ಟಿಗೆಯನ್ನು ಇವರಿಗೆ ಮಾರಿದ್ದ. ಎರಡು ವರ್ಷ ಬಿಸಿಲು ತಿಂದು ಬೂದು ಬಣ್ಣಕ್ಕೆ ತಿರುಗಿದ್ದವು. ಇವೂ ಹಳೆಯವೇ ಎಂದರು ಸಾಬರು.

ಅತೀಯಾ ತಲೆಯಾಡಿಸಿದಳು. "ಹಳೇದಾದ್ರ ಸಾಲಂಗಿಲ್ಲ ಸಾಬ್ರ. ಒಂದು ಮನಿ ಹೊತ್ತಿರಬೇಕು. ಇಲ್ಲಿ ಇಪ್ಪತ್ತು ವರ್ಷ ಬಿದ್ದಿದ್ರೂ, ಯಾವ ಮನಿಗೂ ಹತ್ತಿಲ್ಲಂದ್ರ ನನ್ನ ಲೆಕ್ಕದಾಗ ಅದು ಹೊಸಾದ."

ಹೊಸ ಗಿಡ ಕಡಿಯುವುದು ತಪ್ಪಲಿ ಎಂದೇ ಈ ನಿಯಮ ಮಾಡಿದ್ದಾರೆ, ಕಡಿದು ಇಟ್ಟದ್ದನ್ನು ಲೆಕ್ಕಕ್ಕೆ ಹಿಡಿದರೆ ನಾಳೆ ಎಲ್ಲರೂ ಕಡಿದು ಇಡುತ್ತಾರೆ ಎಂದು ಅವಳು ಬಿಡಿಸಿ ಹೇಳಿದಳು. ಆದಮ್ಮ ಇಕ್ಕಳ ಕೆಳಗಿಟ್ಟು ಕೇಳುತ್ತಿದ್ದಳು. ಆಕೆಗೆ ಆ ಮಾತು ಪೂರ್ತಿ ತಿಳಿಯಿತು. ತಿಳಿಯಲಿಲ್ಲ ಎಂದು ಮುಂದೆ ಹೇಳಿಕೊಳ್ಳುವ ದಾರಿ ಆಕೆಗೆ ಇರಲಿಲ್ಲ.

ಮನೆ ಹೊತ್ತದ್ದಕ್ಕೆ ಸಾಕ್ಷಿ ಬೇಕಾಗಿತ್ತು. ಕೆಡವುವ ಮೊದಲಿನ ಫೋಟೊ ಇಲ್ಲವೇ ಮನೆಯ ಯಜಮಾನನ ಪತ್ರ. ಕೆಲವಕ್ಕೆ ಎರಡೂ ಸಿಕ್ಕವು. ತಮ್ಮ ಮನೆಯ ಮಾಳಿಗೆಯನ್ನು ತಲೆ ಎತ್ತಿ ನೋಡದ ಗಂಡಸರು ಪತ್ರಕ್ಕೆ ಸಹಿ ಹಾಕಿ ಕೊಟ್ಟರು. ಹಲವು ಜಂತಿಗಳಿಗೆ ಏನೂ ಇರಲಿಲ್ಲ. ಅಣ್ಣತಮ್ಮಂದಿರು ಪಾಲಿಗೆ ಜಗಳವಾಡಿ ಕೆಡವಿದ ಮನೆಗಳವು, ಯಾರೂ ಪತ್ರ ಕೊಡಲು ಒಪ್ಪಲಿಲ್ಲ. ಇವು ಎಲ್ಲಿಯವೆಂದು ಯಾರಿಗೆ ಗೊತ್ತು ಎಂದು ಅತೀಯಾ ಕೇಳಿದಾಗ ಮಹಮ್ಮದಸಾಬರು ಗದ್ದ ಎತ್ತಿ ಆದಮ್ಮನನ್ನು ತೋರಿಸಿದರು.

ಎರಡು ದಿನ ಅತೀಯಾ ಆದಮ್ಮನ ಪಕ್ಕ ನೆಲದ ಮೇಲೆ ಕೂತು ಬರೆದುಕೊಂಡಳು. ಆದಮ್ಮ ಒಂದೊಂದು ಜಂತಿಯ ಮೇಲೆ ಕೈಯಿಟ್ಟು ಹೇಳುತ್ತ ಹೋದಳು. ಇದು ಮುಕ್ಕುಂದದ ದೊಡ್ಡ ಮನೆಯ ಅಡುಗೆ ಕೋಣೆಯದು, ಇದು ಅದೇ ಮನೆಯ ಬಾಣಂತಿ ಕೋಣೆಯದು, ನೋಡಿ ತೊಟ್ಟಿಲ ಕೊಂಡಿ. ಇದು ಸಾಲಗುಂದದ ಕಣಜದ ಮೇಲಿನದು, ಇದಕ್ಕೆ ಹೊಗೆ ತಾಗಿಲ್ಲ, ಇಲಿ ಕಡಿದಿವೆ. ಕೊನೆಗೆ ಅತೀಯಾ ಪಟ್ಟಿಯನ್ನು ಓದಿ ತೋರಿಸಿದಳು. ಕಡೆಯ ಅಂಕಣದಲ್ಲಿ 'ಗುರುತಿಸಿದವರು' ಎಂದಿತ್ತು, ಅದರ ಕೆಳಗೆ ಮೇಲಿನಿಂದ ಕೆಳತನಕ ಒಂದೇ ಹೆಸರು. ಆದಮ್ಮ, ಕಟ್ಟಿಗೆ ಪರೀಕ್ಷಕರು.

ಆದಮ್ಮ ಅದನ್ನು ಇನ್ನೊಮ್ಮೆ ಓದಿಸಿದಳು. ಮಗನ ಫೋನಿಗೆ ಅದರ ಫೋಟೊ ತರಿಸಿಕೊಂಡಳು. ರಾತ್ರಿ ಉಂಡ ಮೇಲೆ ಹನುಮಂತುವಿನಿಂದ ಫೋನು ಇಸಿದುಕೊಂಡು, ಬೆರಳಿಂದ ಹಿಗ್ಗಿಸಿ, ಓದಲು ಬಾರದ ಆ ಅಕ್ಷರಗಳನ್ನು ನೋಡುತ್ತಿದ್ದಳು. ಅಮರೇಶ್ವರಿ ಪಾತ್ರೆ ತೊಳೆಯುವುದನ್ನು ಬಿಟ್ಟು ಬಂದು ತಾನೂ ನೋಡಿದಳು. ನಮ್ಮತ್ತೆಯ ಹೆಸರು ಸರಕಾರದ ಕಾಗದಕ್ಕೆ ಬಂದಿದೆ ಎಂದು ನೆರೆಮನೆಯವರಿಗೆಲ್ಲ ಹೇಳಿ ಬಂದವಳು ಅವಳೇ. ಅದು ಸರಕಾರದ್ದಲ್ಲ ಎಂದು ಆದಮ್ಮ ತಿದ್ದಲಿಲ್ಲ.

ತಪ್ಪು ಆದದ್ದು ಎಣಿಕೆಯಲ್ಲಿ. ಅರವತ್ತನಾಲ್ಕು ಇವೆ, ನಾನಿದ್ದೇನಲ್ಲ ಎಂದು ಆದಮ್ಮ ಅತೀಯಾಳಿಗೆ ಮಾತು ಕೊಟ್ಟಿದ್ದಳು. ಒಟ್ಟಿದ ಸಾಲನ್ನು ನೋಡಿ ಹೇಳಿದ ಮಾತು. ಅದರಲ್ಲಿ ಪಟ್ಟಿಗೆ ಇನ್ನೂ ಬರೆಸದಿದ್ದ ಎಂಟನ್ನು ಪಕ್ಕದ ಆರ್.ಎಚ್. ಕ್ಯಾಂಪ್ ಊರಿನ ಒಬ್ಬರು ದನದ ಮನೆಗೆಂದು ಮೊದಲೇ ಗೊತ್ತುಮಾಡಿ ಹೋಗಿದ್ದರು. ಅದು ಆಕೆಗೆ ಮರೆತೇ ಹೋಗಿತ್ತು. ಅವರು ಬಂದು ಒಯ್ದಾಗ ಉಳಿದದ್ದು ಐವತ್ತಾರು. ಮಹಮ್ಮದಸಾಬರಿಗೆ ಇದು ದೊಡ್ಡ ವಿಷಯವಾಗಿ ಕಾಣಲಿಲ್ಲ. ಎಂಟು ಕಡಿಮೆ ಬಿದ್ದವು ಎಂದು ಮೇಡಂಗೆ ಹೇಳಿದರಾಯಿತು, ಅವರು ಬೇರೆ ಕಡೆ ಹುಡುಕಿಕೊಳ್ಳುತ್ತಾರೆ ಎಂದರು.

ಆದಮ್ಮನಿಗೆ ಅದು ಆಗಿಬರಲಿಲ್ಲ. ತನ್ನ ಹೆಸರು ಕೂತ ಮೊದಲ ಕಾಗದವೇ ತಪ್ಪು ಎಣಿಕೆಯದು ಎಂದಾಗುವುದನ್ನು ತಾಳಲಾರದೆ ಹೋದಳು. ಮರುದಿನ ಸಾಬರ ಮುಂದೆ ನಿಂತು, ಆ ಬೇವಿನವು ಎಂಟು ಕೊಡಿ ಎಂದಳು.

"ಅವು ಮನಿ ಹೊತ್ತಿಲ್ಲಲ್ಲ ಆದಮ್ಮ," ಎಂದರು ಸಾಬರು.

"ಹೊತ್ತಂಗ ಮಾಡ್ತೀನ್ರಿ."

ಸಾಬರು ಸ್ವಲ್ಪ ಹೊತ್ತು ಆಕೆಯ ಮುಖ ನೋಡಿದರು. ಆಮೇಲೆ ನಮಾಜಿಗೆ ಹೊತ್ತಾಯಿತೆಂದು ಎದ್ದು ಹೋದರು. ಬೇಡ ಎನ್ನಲಿಲ್ಲ. ಆದರೆ ಮಾಡು ಎಂದೂ ಹೇಳಲಿಲ್ಲ. ಈ ಕತೆಯಲ್ಲಿ ತಪ್ಪಿನ ಪಾಲನ್ನು ಅವರ ಮೇಲೆ ಹಾಕಲು ಆದಮ್ಮ ಆಮೇಲೆ ಬಹಳ ಸಲ ನೋಡಿದ್ದಾಳೆ, ಅದು ಹತ್ತಲಿಲ್ಲ.

ಹದಿನೆಂಟು ವರ್ಷ ಮೊಳೆ ಕಿತ್ತ ಕೈ ಮೊದಲ ಸಲ ಮೊಳೆ ಹೊಡೆಯಿತು. ಕಿತ್ತಿಟ್ಟಿದ್ದ ಹಳೆ ಮೊಳೆಗಳನ್ನೇ ಆರಿಸಿ, ಹಳೆ ಜಂತಿಗಳಲ್ಲಿ ಎಲ್ಲೆಲ್ಲಿ ಇರುತ್ತಿದ್ದವೋ ಅಲ್ಲಲ್ಲೇ ಹೊಡೆದು, ತುಕ್ಕಿನ ನೀರು ಹನಿಸಿ, ವಾರದ ಮೇಲೆ ಕಿತ್ತಳು. ಹಗ್ಗ ಉಜ್ಜಿ ನೆಲುವಿನ ಗೆರೆ ತೆಗೆದಳು. ಎರಡಕ್ಕೆ ತೊಟ್ಟಿಲ ಕೊಂಡಿಯ ತೂತು ಕೊರೆದಳು. ಯಾವ ಕೂಸೂ ಮಲಗದ ತೊಟ್ಟಿಲಿನ ತೂತಿಗೆ ಎಣ್ಣೆ ಕೈ ಹಚ್ಚಿ ತಿಕ್ಕುವಾಗ ಒಂದು ಸಲ ಕೈ ನಿಂತಿತು. ಮತ್ತೆ ತಿಕ್ಕಿದಳು.

ಉಳಿದದ್ದು ಹೊಗೆ. ಅಡ್ಡೆಯಲ್ಲಿ ಹೊಗೆ ಹಾಕಿದರೆ ಹತ್ತು ಜನ ಕೇಳುತ್ತಾರೆ. ಮನೆಯ ಹಿತ್ತಲಲ್ಲಿ ಸ್ನಾನದ ನೀರು ಕಾಯಿಸುತ್ತಿದ್ದ ತಗಡಿನ ಕೋಲಿ ಇತ್ತು, ಅದರೊಳಗೆ ಒಂದು ಹಳೆ ಒಲೆ. ಗ್ಯಾಸು ಬಂದ ಮೇಲೆ ಅದು ಆರಿತ್ತು. ಅಮರೇಶ್ವರಿಯನ್ನು ತರುವಾಗ ಮಸ್ಕಿಯ ಬೀಗರ ಮುಂದೆ ಆದಮ್ಮ ಎದೆ ಸೆಟೆಸಿ ಹೇಳಿದ್ದಳು, ನಾನು ಊದಿದ್ದು ಸಾಕು, ನನ್ನ ಸೊಸೆ ಒಲೆ ಊದುವುದಿಲ್ಲ ಎಂದು. ಓಣಿಯಲ್ಲೂ ಆ ಮಾತನ್ನು ಆಗಾಗ ಆಡುತ್ತಿದ್ದಳು.

ಹಗಲೆಲ್ಲ ಮನೆಯಲ್ಲಿ ಇರುವವಳು ಅಮರೇಶ್ವರಿ. ಅವಳಿಗೆ ನಿಜ ಹೇಳಲು ಆದಮ್ಮನಿಗೆ ನಾಚಿಕೆಯಾಯಿತು. ತನ್ನ ಹೆಸರನ್ನು ಓಣಿಗೆಲ್ಲ ಸಾರಿ ಬಂದ ಹುಡುಗಿಯ ಮುಂದೆ ಅದೇ ಹೆಸರಿಗಾಗಿ ಸುಳ್ಳು ಮಾಡುತ್ತಿದ್ದೇನೆ ಎನ್ನುವುದು ಹೇಗೆ? ಹಾಗಾಗಿ ಬೇರೆ ಹೇಳಿದಳು. ಇವು ಹುಡುಗಿಯರ ವಸತಿನಿಲಯಕ್ಕೆ ಹೋಗುವ ಜಂತಿ, ಹೊಗೆ ಹಿಡಿಸಿದರೆ ಗೆದ್ದಲು ಹತ್ತುವುದಿಲ್ಲ, ಚೆನ್ನಾಗಿ ಹಿಡಿಸಬೇಕು.

ಅಮರೇಶ್ವರಿ ಇಪ್ಪತ್ತೆರಡು ದಿನ ಆ ಕೋಲಿಯಲ್ಲಿ ಕೂತಳು.

ಐದಕ್ಕೆ ಎದ್ದು ಅಂಗಳ ಗುಡಿಸಿ, ನಳ ಬಂದ ದಿನ ನೀರು ತುಂಬಿ, ರೊಟ್ಟಿ ಬಡಿದು, ಗಂಡನಿಗೂ ಅತ್ತೆಗೂ ಬುತ್ತಿ ಕಟ್ಟಿ, ಅರಿವೆ ಒಗೆದು ಹಾಕಿ, ಹನ್ನೊಂದಕ್ಕೆ ಒಲೆ ಹಚ್ಚುತ್ತಿದ್ದಳು. ಹತ್ತಿ ಕಟ್ಟಿಗೆ ಹೊತ್ತಿಸಿ ಮೇಲೆ ಭತ್ತದ ಹೊಟ್ಟು ಸುರಿಯಬೇಕು. ಉರಿ ಏಳದಂತೆ, ಆರದಂತೆ, ಬರೇ ಹೊಗೆಯಾಡುವಂತೆ ಅದನ್ನು ಕಾಯುತ್ತ ಕೂರಬೇಕು. ಹಗ್ಗದಲ್ಲಿ ತೂಗಿಬಿಟ್ಟ ಎಂಟು ಜಂತಿಗಳನ್ನು ನಡುನಡುವೆ ಮುಟ್ಟಿ ನೋಡಬೇಕು. ನಾಲ್ಕಕ್ಕೆ ಹೊರಗೆ ಬಂದಾಗ ಅವಳ ಕಣ್ಣು ಕೆಂಡವಾಗಿರುತ್ತಿದ್ದವು. ತಲೆಗೂದಲಿನ ಹೊಗೆ ಹೋಗುವುದಿಲ್ಲವೆಂದು ಹನುಮಂತು ಮಂಚ ಎತ್ತಿ ಹೊರಗೆ ಕಟ್ಟೆಯ ಮೇಲೆ ಹಾಕಿಕೊಂಡ. ಹೊಗೆ ಯಾಕೆ ಎಂದು ಅವನು ಕೇಳಲಿಲ್ಲ, ಎಷ್ಟು ದಿನ ಎಂದಷ್ಟೇ ಕೇಳಿದ. ಎರಡನೆಯ ವಾರದಿಂದ ಅಮರೇಶ್ವರಿಗೆ ಕೆಮ್ಮು ಹತ್ತಿತು. ಆದಮ್ಮ ಅರಿಸಿನ ಹಾಲು ಕುಡಿ ಎಂದಳು. ಕುಡಿಯಲು ಹೇಳಿದ ಹಾಲನ್ನು ಕಾಯಿಸಿಕೊಂಡವಳೂ ಅಮರೇಶ್ವರಿಯೇ.

ಆದಮ್ಮ ದಿನಾ ಸಂಜೆ ಅಡ್ಡೆಯಿಂದ ಬಂದು, ಕೋಲಿಯ ಬಾಗಿಲಲ್ಲಿ ನಿಂತು, ತಲೆ ಎತ್ತಿ ನೋಡುತ್ತಿದ್ದಳು. ಕೆಳಗಿನಿಂದ ನೋಡಿದರೆ ಜಂತಿಗಳು ಥೇಟ್ ಹಳೆ ಅಡುಗೆ ಕೋಣೆಯವೇ. ಮುಗಿದ ದಿನ ಅಮರೇಶ್ವರಿ ಅವಕ್ಕೆ ಗೋಣಿತಟ್ಟು ಸುತ್ತಿ ಹೊಲಿದು ಇಟ್ಟಿದ್ದಳು, ಎತ್ತುವವರ ಕೈಗೆ ಮಸಿ ಹತ್ತಬಾರದೆಂದು. ಟೆಂಪೊ ಮನೆಯಿಂದಲೇ ಒಯ್ದಿತು. ಪಟ್ಟಿಯಲ್ಲಿ ಖಾಲಿ ಉಳಿದಿದ್ದ ಐವತ್ತೇಳರಿಂದ ಅರವತ್ತನಾಲ್ಕರವರೆಗಿನ ಸಾಲುಗಳಿಗೆ ಆದಮ್ಮ ಸಾಲಗುಂದದ ಒಂದು ಅಡುಗೆ ಕೋಣೆಯನ್ನು ಹೇಳಿ ಬರೆಸಿದಳು. ಅಂಥ ಮನೆ ಸಾಲಗುಂದದಲ್ಲಿ ಇರಲಿಲ್ಲ.

ಜಂತಿ ಏರಿಸುವ ಮೊದಲು ಪಟ್ಟಿಗೆ ತಾಳೆ ನೋಡಲು ಬನ್ನಿ ಎಂದು ಅತೀಯಾ ಕರೆದಳು. ಆದಮ್ಮ ಒಗೆದ ಸೀರೆಯುಟ್ಟು ಮಸ್ಕಿಗೆ ಹೋದಳು. ಕಟ್ಟಡದ ಅಂಗಳದಲ್ಲಿ ಜಂತಿಗಳನ್ನು ಸಾಲಾಗಿ ಮಲಗಿಸಿದ್ದರು. ಗೋಣಿತಟ್ಟು ಬಿಚ್ಚಿದ್ದರು. ಮಧ್ಯಾಹ್ನದ ಬುತ್ತಿ ಉಂಡು ಆ ಎಂಟರಲ್ಲಿ ಒಂದು ಜಂತಿಯ ಮೇಲೆ ಕೂತಿದ್ದಳು ಮುದುಕಮ್ಮ, ಗಾರೆ ಹೊರುವ ಹೆಂಗಸು, ಆದಮ್ಮನಿಗಿಂತ ಹತ್ತು ವರ್ಷಕ್ಕಾದರೂ ದೊಡ್ಡವಳು. ಏಳುವಾಗ ಸೀರೆಗೆ ಹತ್ತಿದ ಮಸಿ ಝಾಡಿಸಿಕೊಳ್ಳುತ್ತ, ಕೂತಿದ್ದ ಜಂತಿಯನ್ನು ಹೊಳ್ಳಿಸಿ, ಮೇಲಿನ ಮೈ ಕೆಳಗೆ ಮಾಡಿ ನೋಡಿದಳು. ಪಕ್ಕದ್ದನ್ನೂ ನೋಡಿದಳು. ಆಮೇಲೆ ನಕ್ಕಳು.

"ಇದೇನಬೇ ಯವ್ವ, ಬೆನ್ನೂ ಕರ್ರಗೈತಿ. ಈ ಮನ್ಯಾಕಿ ಒಲಿ ಮಾಳಿಗಿ ಮ್ಯಾಲ ಹೂಡಿದ್ಲೇನು?"

ಆದಮ್ಮನಿಗೆ ಅಲ್ಲೇ ತಿಳಿಯಿತು. ಜಂತಿಯ ಬೆನ್ನ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು ಕೂತಿರುತ್ತದೆ. ಅಲ್ಲಿಗೆ ಹೊಗೆ ಹೋಗುವುದಿಲ್ಲ. ನೂರು ವರ್ಷ ಒಲೆ ಉರಿದ ಅಡುಗೆ ಕೋಣೆಯ ಜಂತಿಗೂ ಮೂರು ಮೈ ಕಪ್ಪು, ಬೆನ್ನು ಬಿಳಿ. ಅಂಗಳದಲ್ಲಿದ್ದ ಐವತ್ತಾರರಲ್ಲಿ ಹೊಗೆ ತಾಗಿದವಕ್ಕೆಲ್ಲ ಹಾಗೇ ಇತ್ತು. ಈ ಎಂಟು ಮಾತ್ರ ನಾಲ್ಕೂ ಕಡೆ ಒಂದೇ ಸಮನೆ, ಎಲ್ಲಿಯೂ ಒಂದು ಬೆರಳು ಜಾಗ ಬಿಡದೆ ಕಪ್ಪಾಗಿದ್ದವು. ಅಷ್ಟು ಅಚ್ಚುಕಟ್ಟಾಗಿ.

ಅತೀಯಾ ಬಂದು ಬಗ್ಗಿ ನೋಡಿದಳು. ಲಿಂಗಸುಗೂರಿನಲ್ಲಿ ಅವಳ ಅಜ್ಜಿಯ ಮನೆಯೂ ಮಾಳಿಗೆಯದೇ. ಅವಳು ಆದಮ್ಮನ ಕಡೆ ತಿರುಗಿ ಇದು ಹೇಗೆ ಎಂದು ಕೇಳಿದಳು. ದನಿಯಲ್ಲಿ ಅನುಮಾನ ಇರಲಿಲ್ಲ, ತಿಳಿದುಕೊಳ್ಳುವ ಆಸೆ ಇತ್ತು.

"ಎರಡು ಸಲ ಬಳಸ್ಯಾರ್ರಿ," ಎಂದಳು ಆದಮ್ಮ. "ಮೊದಲು ಒಂದು ಮನಿಗೆ ಹಾಕಿದ್ರು. ಅದು ಬಿದ್ದ ಮ್ಯಾಲ ಹೊಳ್ಳಿಸಿ ಇನ್ನೊಂದಕ್ಕ ಹಾಕ್ಯಾರ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಆದಮ್ಮನೇ ಬೆರಗಾದಳು. ಅತೀಯಾಳ ಮುಖ ಅರಳಿತು. ಎರಡು ಸಲ ಮರುಬಳಕೆಯಾದ ಕಟ್ಟಿಗೆ ಎಂದು ಪಟ್ಟಿಯಲ್ಲಿ ವಿಶೇಷವಾಗಿ ಬರೆಯುತ್ತೇನೆ ಎಂದಳು. ಮುದುಕಮ್ಮ ಇನ್ನೂ ಏನೋ ಹೇಳಬೇಕೆಂದಿದ್ದಳು, ಮೇಸ್ತ್ರಿ ಅವಳನ್ನು ಗದರಿದ, ಬುಟ್ಟಿ ಹೊರುವವಳಿಗೆ ಕಟ್ಟಿಗೆಯ ಪಂಚಾಯ್ತಿ ಯಾಕೆಂದು. ಅತೀಯಾ ಕೂಡ ನಗುತ್ತಲೇ, "ಅವ್ವಾರ, ಆದಮ್ಮಾರು ಹೇಳಿದ್ರ ಮುಗೀತು. ಅವರಿಗಿಂತ ಹೆಚ್ಚು ಯಾರಿಗೆ ಗೊತ್ತೈತಿ," ಎಂದಳು.

ಮುದುಕಮ್ಮ ಆದಮ್ಮನನ್ನು ಒಮ್ಮೆ ನೋಡಿದಳು. ಒಲೆಯ ಮುಂದೆ ನಲವತ್ತು ವರ್ಷ ಕೂತವಳಿಗೆ ಹೊಗೆಯ ಬಗ್ಗೆ ಸುಳ್ಳು ಹೇಳಿದ್ದೀ ಎನ್ನುವ ನೋಟ ಅದು. ಸಿಂಬಿಯನ್ನು ತಲೆಗಿಟ್ಟುಕೊಂಡು ಹೋದಳು. ಆದಮ್ಮನನ್ನು ಊಟಕ್ಕೆ ಕರೆದರು, ಚಹ ತಂದುಕೊಟ್ಟರು. ಕುರ್ಚಿ ಹಾಕಿದ್ದರು. ಆಕೆ ಕುರ್ಚಿಯ ಮೇಲೆ ಕೂತು, ಮುದುಕಮ್ಮ ಗಾರೆ ಹೊತ್ತು ಏಣಿ ಹತ್ತುವುದನ್ನು ನೋಡುತ್ತ ಚಹ ಕುಡಿದಳು.

ಮನೆಗೆ ಬಂದಾಗ ಅಮರೇಶ್ವರಿ ಬಾಗಿಲಲ್ಲೇ ಕಾದಿದ್ದಳು. ಒಪ್ಪಿದರೋ ಎಂದು ಕೇಳಿದಳು. ಒಪ್ಪಿದರು ಎಂದಳು ಆದಮ್ಮ. ಕೆಮ್ಮುತ್ತಲೇ ಅಮರೇಶ್ವರಿ ತನ್ನ ಕೆಲಸದ ವಿವರ ಹೇಳಿದಳು, ಅಷ್ಟು ದಿನ ಯಾರೂ ಕೇಳದ ವಿವರ.

"ದಿನಾ ನಾಕೂ ಮೈ ಹೊಳ್ಳಿಸೀನ್ರಿ ಅತ್ತಿ. ಗೆದ್ದಲಕ್ಕ ಮ್ಯಾಲ ಕೆಳಗ ಅಂತೈತೇನು? ಒಂದು ಬದಿ ಬಿಟ್ರ ಅಲ್ಲೇ ಹತ್ತತಾವ."

ಎಂಟು ಅಡಿ ಉದ್ದದ ಎಂಟು ಜಂತಿಗಳನ್ನು ಆ ಇಕ್ಕಟ್ಟಿನಲ್ಲಿ, ಹೊಗೆಯಲ್ಲಿ, ಹಗ್ಗ ಸಡಿಲಿಸಿ, ಒಬ್ಬಳೇ, ದಿನಕ್ಕೊಮ್ಮೆ ಹೊಳ್ಳಿಸಿದ್ದಳು ಹುಡುಗಿ. ಹೇಳಿದ ಕೆಲಸವನ್ನು ಹೇಳಿದ್ದಕ್ಕಿಂತ ಚೆನ್ನಾಗಿ ಮಾಡಿದ್ದಳು. ಆದಮ್ಮ ಕೈಕಾಲು ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಕೋಲಿಯ ತಗಡಿಗೆ ಒರಗಿ ನಿಂತಳು. ತಗಡೂ ಕಪ್ಪಾಗಿತ್ತು.

ಅತೀಯಾ ಸೋಮವಾರ ದಾಖಲೆಗಳನ್ನು ಕಳಿಸುವವಳಿದ್ದಳು. ಆದಮ್ಮ ಎರಡು ದಿನ ತಡೆದುಕೊಂಡಳು. ಎಂಟು ಜಂತಿಯಿಂದ ಯಾರ ಗಂಟೇನು ಹೋಗುತ್ತದೆ ಎಂದು ಒಂದು ದಿನ ಹೇಳಿಕೊಂಡಳು. ಮರುದಿನ, ಜಗಳವಾಡಿ ಕೆಡವಿದ ಮನೆಯೊಂದರ ಬಾಗಿಲು ಅಡ್ಡೆಗೆ ಬಂತು. ಸಾಬರು ಅಭ್ಯಾಸದಂತೆ ಇದು ಎಲ್ಲಿಯದಿದ್ದೀತು ಎಂದು ಕೇಳಿದರು. ಆದಮ್ಮ ಕೈಯಿಟ್ಟಳು, ಗೊತ್ತಾಯಿತು, ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಸಾಬರು ನಂಬುತ್ತಾರೋ ಇಲ್ಲವೋ ಎಂದು ಅವರ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ಹಾಗೆ ನೋಡಿದ್ದು ಅದೇ ಮೊದಲು.

ರವಿವಾರ ಬೆಳಿಗ್ಗೆ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋದಳು. ಕೇಳಿಕೊಂಡು ಮನೆ ಹುಡುಕಿದಳು. ಅತೀಯಾ ಅಡುಗೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಂತಿದ್ದಳು, ಒಂದು ಕಣ್ಣು ಅದರ ಮೇಲೆ, ಒಂದು ಕಣ್ಣು ಹಾಲಿನ ಮೇಲೆ. ಒಳಗೆ ಅಣ್ಣಂದಿರು ನಾಷ್ಟಾಕ್ಕೆ ಕಾದಿದ್ದರು. ಆದಮ್ಮನನ್ನು ಕಂಡು ಸಂತೋಷದಿಂದ ಕೂರಿಸಿ, ಚಹ ಇಡಲು ಹೋದಳು. ಚಹ ಬಂದ ಮೇಲೆ ಹೇಳುವುದು ಇನ್ನೂ ಕಷ್ಟವಾಗುತ್ತದೆಂದು ಆದಮ್ಮ ನಿಂತುಕೊಂಡೇ ಹೇಳಿಬಿಟ್ಟಳು. ಬೇವು, ಮೊಳೆ, ತುಕ್ಕಿನ ನೀರು, ತೊಟ್ಟಿಲ ತೂತು, ಹೊಗೆ, ಸಾಲಗುಂದದಲ್ಲಿ ಇಲ್ಲದ ಮನೆ. ಮುದುಕಮ್ಮ ಹೇಳಿದ್ದು ಸರಿ ಎಂಬುದನ್ನೂ ಹೇಳಿದಳು.

ಅತೀಯಾ ಗ್ಯಾಸು ಆರಿಸಿದಳು. ಬೈಯುತ್ತಾಳೆಂದು ಆದಮ್ಮ ಕಾದಳು, ಬೈದರೆ ಹಗುರಾಗಬಹುದಿತ್ತು. ಅವಳು ಬೈಯಲಿಲ್ಲ. ಹೊಗೆ ಹಾಕಿದ್ದು ಯಾರು ಎಂದು ಕೇಳಿದಳು. ನನ್ನ ಸೊಸೆ ಎಂದಳು ಆದಮ್ಮ. ಎಷ್ಟು ದಿನ ಎಂದು ಕೇಳಿದಳು. ಆದಮ್ಮ ಹೇಳಿದಳು. ಅತೀಯಾ ಪಟ್ಟಿ ತೆಗೆದು, ಮೇಲಿನಿಂದ ಎಣಿಸತೊಡಗಿದಳು. ಫೋಟೊ ಇಲ್ಲವೇ ಪತ್ರ ಇದ್ದವು ಮೂವತ್ತೇಳು. ಸುಳ್ಳಿನವು ಎಂಟು. ನಡುವೆ ಉಳಿದ ಹತ್ತೊಂಬತ್ತಕ್ಕೆ ಆದಮ್ಮನ ಮಾತು ಬಿಟ್ಟರೆ ಬೇರೆ ಆಧಾರ ಇರಲಿಲ್ಲ. ಅವಳು ಆ ಹತ್ತೊಂಬತ್ತನ್ನೂ ಹೊಡೆದು ಹಾಕಿದಳು.

"ಅವು ಖರೇ ಅವರ‍್ರಿ ಮೇಡಂ," ಎಂದಳು ಆದಮ್ಮ. "ಮುಕ್ಕುಂದದ ಬಾಣಂತಿ ಕ್ವಾಣಿದು ಐತಲ್ರಿ, ಅದು ಖರೇ."

"ಖರೇ ಇರಬಹುದು ಆದಮ್ಮಾರ. ನಿಮ್ಮ ಮಾತಿನ ಮ್ಯಾಲ ಲೆಕ್ಕಕ್ಕ ಹಿಡಿಯಾಕ ಇನ್ನ ಬರಂಗಿಲ್ಲ."

ಮೂವತ್ತೇಳರಿಂದ ಬೇಕಾದ ಪಾಲು ತುಂಬುವುದಿಲ್ಲ, ಪ್ರಮಾಣಪತ್ರ ಸಿಕ್ಕುವುದು ಈಗ ಅನುಮಾನ, ಸಂಸ್ಥೆಯವರಿಗೆ ತಾನು ಉತ್ತರ ಹೇಳಬೇಕು ಎಂದು ಅತೀಯಾ ಮೆಲ್ಲಗೆ ಹೇಳಿದಳು. ಹತ್ತೊಂಬತ್ತನ್ನೂ ಮಾಳಿಗೆಗೆ ಏರಿಸುತ್ತಾರೆ, ಕಟ್ಟಿಗೆ ಗಟ್ಟಿ ಇದೆ. ಕಾಗದದಲ್ಲಿ ಮಾತ್ರ ಅವು ಹೊಸ ಕಟ್ಟಿಗೆ ಎಂದಾಗುತ್ತವೆ. ಎಂಟನ್ನು ತಿರುಗಿ ಕಳಿಸುತ್ತೇನೆ ಎಂದಳು. ಹೊರಗೆ ಬಿಡಲು ಬಂದಾಗ, ಬಂದು ಹೇಳಿದ್ದು ಒಳ್ಳೆಯದಾಯಿತು ಎಂದೂ ಅಂದಳು. ಆದರೆ ಆದಮ್ಮನ ಮುಖ ನೋಡಿ ಅನ್ನಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಆದಮ್ಮ ಆ ಹತ್ತೊಂಬತ್ತನ್ನು ಒಂದೊಂದಾಗಿ ನೆನೆದಳು. ಅವುಗಳ ಕೆಳಗೆ ಅಡುಗೆ ಮಾಡಿದವರು, ಹೆತ್ತವರು, ಮೊಸರಿಟ್ಟವರು ಯಾವ ಪತ್ರಕ್ಕೂ ಸಹಿ ಹಾಕದ ಹೆಂಗಸರು. ಅವರು ಇದ್ದರೆಂದು ಹೇಳಲು ಉಳಿದದ್ದು ಈಕೆಯ ಕೈಯೊಂದೇ. ಈಗ ಅದನ್ನೂ ಯಾರೂ ಕೇಳುವುದಿಲ್ಲ.

ಅಷ್ಟಾದರೂ ಮನೆಯಲ್ಲಿ ಬಾಯಿ ಬಿಡಲಿಲ್ಲ. ಎಂಜಿನಿಯರ್ ಮುಂದೆ ಹೇಳಿದ್ದನ್ನು ಸೊಸೆಯ ಮುಂದೆ ಹೇಳಲಾಗಲಿಲ್ಲ. ಅತೀಯಾಳ ಮನೆಯಿಂದ ಎದ್ದು ಬರಬಹುದಿತ್ತು, ಇಲ್ಲಿ ಹೇಳಿದ ಮೇಲೆ ಅವಳೇ ಬಡಿಸಿದ ರೊಟ್ಟಿ ತಿನ್ನಬೇಕು. ನಾಳೆ, ನಾಡಿದ್ದು ಎಂದು ದಿನ ತಳ್ಳಿದಳು. ಗುರುವಾರ ಆಕೆ ಅಡ್ಡೆಯಿಂದ ಬರುವ ಹೊತ್ತಿಗೆ ಟೆಂಪೊದವನು, ಎತ್ತಿಕೊಂಡ ಜಾಗವೆಂದು, ಎಂಟು ಜಂತಿಗಳನ್ನು ಮನೆಯ ಅಂಗಳದಲ್ಲೇ ಇಳಿಸಿ ಹೋಗಿದ್ದ. ಅಮರೇಶ್ವರಿ ಅವುಗಳ ಮುಂದೆ ಕುಕ್ಕುರುಗಾಲಲ್ಲಿ ಕೂತು, ಒಂದೊಂದನ್ನೂ ಹೊಳ್ಳಿಸಿ, ಎಲ್ಲಿ ಬಿಳಿ ಉಳಿದಿದೆಯೆಂದು ಹುಡುಕುತ್ತಿದ್ದಳು. ಬೆರಳ ತುದಿಯೆಲ್ಲ ಕಪ್ಪು.

"ಎಲ್ಲಿ ಬಿಟ್ಟೀನಂತ ಗೊತ್ತಾಗವಲ್ದ್ರಿ ಅತ್ತಿ," ಎಂದಳು. "ಇನ್ನೊಂದು ನಾಕು ದಿನ ಹಚ್ಚಲೇನು?"

ಆದಮ್ಮ ಚೀಲ ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತಳು. ಹೇಳಿದಳು. ಈ ಸಲ ಎಣಿಕೆಯ ತಪ್ಪಿನಿಂದ ಹಿಡಿದು ಹೇಳಿದಳು. ಗೆದ್ದಲಿನ ಮಾತು ಸುಳ್ಳು ಎಂದಳು. ಹೆಸರಿನ ಆಸೆಗೆ ಮಾಡಿದೆ ಎಂದಳು. ನಿನ್ನ ಕೆಲಸದಲ್ಲಿ ಕುಂದಿಲ್ಲ, ಕುಂದಿಲ್ಲದ್ದಕ್ಕೇ ಗೊತ್ತಾಯಿತು ಎಂದಳು. ಹೇಳುತ್ತ ನಡುವೆ ಒಮ್ಮೆ, ನಾನೇ ಕೂರಬೇಕಿತ್ತು ಎಂದಳು.

ಅಮರೇಶ್ವರಿ ಸೆರಗಿನ ತುದಿಯಿಂದ ಬೆರಳು ಒರೆಸಿಕೊಂಡಳು, ಮಸಿ ಸೆರಗಿಗೂ ಹತ್ತಿತು.

"ಖರೇ ಹೇಳಿದ್ರ ಜಂತಿ ಬೆನ್ನು ಹಂಗ ಬಿಡತಿದ್ದೆ," ಎಂದಳು. "ನಮ್ಮವ್ವನ ಮನಿ ಮಾಳಿಗಿ ನೋಡೀನಲ್ರಿ."

"ಸುಳ್ಳು ಕೆಲಸ ಅಂತ ಗೊತ್ತಾದ್ರೂ ಮಾಡತಿದ್ದೇನು ನೀ?"

ಅಮರೇಶ್ವರಿ ಕತ್ತೆತ್ತಿದಳು. ಹಂಗಿಸುವ ಮುಖವಲ್ಲ ಅದು. ಇಷ್ಟು ದಿನ ಕೇಳಲು ಯಾರೂ ಸಿಗದ ಪ್ರಶ್ನೆಯನ್ನು ಈಗ ಕೇಳಬಹುದೋ ಎಂದು ನೋಡುವ ಹಾಗಿತ್ತು.

"ನೀವು ಹೇಳಿದ ಮ್ಯಾಲ ಬ್ಯಾಡ ಅನ್ನಾಕ ಬರತೈತೇನ್ರಿ?"

ಬರುತ್ತದೆ ಎನ್ನಬೇಕೆಂದು ಆದಮ್ಮ ಬಾಯಿ ತೆರೆದಳು. ಆ ಮಾತು ತನ್ನ ಬಾಯಿಂದ ಬಂದರೆ ನಂಬಲು ಈ ಹುಡುಗಿಗೆ ಏನು ಆಧಾರವಿದೆ ಎಂದು ಅನಿಸಿ ಹಾಗೇ ಉಳಿದಳು. ಅಮರೇಶ್ವರಿ ಕೆಮ್ಮನ್ನು ತಡೆಹಿಡಿದು, ಉತ್ತರಕ್ಕಾಗಿ ಕಾಯುತ್ತಲೇ ಇದ್ದಳು.